ಅಚ್ಚಾದ ಮಹಾಭಾರತ ಇರುವಾಗ ಓಲೆಗರಿಯ ಪ್ರತಿ ಯಾಕೆ ಬೇಕು?

2025ರ ಫೆಬ್ರವರಿ 1ರ ಬಜೆಟ್ ಭಾಷಣದಲ್ಲಿ, ಆದಾಯ ತೆರಿಗೆ ವಿನಾಯಿತಿಯ ಸದ್ದಿನ ನಡುವೆ, ಒಂದು ಸಣ್ಣ ಘೋಷಣೆ ಬಂದು ಹೋಯಿತು. ಅದರ ಹೆಸರು ‘ಜ್ಞಾನ ಭಾರತಂ ಮಿಷನ್’. ವಿಶ್ವವಿದ್ಯಾಲಯ, ಮ್ಯೂಸಿಯಂ, ಗ್ರಂಥಾಲಯಗಳಲ್ಲಿ ಮತ್ತು ಜನರ ಮನೆಗಳಲ್ಲಿ ಇರುವ ಒಂದು ಕೋಟಿಗೂ ಜಾಸ್ತಿ ಹಸ್ತಪ್ರತಿಗಳನ್ನು ಹುಡುಕಿ, ದಾಖಲಿಸಿ, ಕಾಪಾಡುವ ಯೋಜನೆ ಇದು. 2003ರಿಂದ ನಡೆದುಕೊಂಡು ಬಂದಿದ್ದ ರಾಷ್ಟ್ರೀಯ ಹಸ್ತಪ್ರತಿ ಮಿಷನ್‌ಗೆ ಕೊಡುತ್ತಿದ್ದ 3.5 ಕೋಟಿ ರೂಪಾಯಿ ಜಾಗದಲ್ಲಿ 60 ಕೋಟಿ ಇಟ್ಟರು. ಅದೇ ವರ್ಷ ಏಪ್ರಿಲ್‌ನಲ್ಲಿ ಭಗವದ್ಗೀತೆ ಮತ್ತು ನಾಟ್ಯಶಾಸ್ತ್ರದ ಹಸ್ತಪ್ರತಿಗಳು ಯುನೆಸ್ಕೋದ ‘ಮೆಮೊರಿ ಆಫ್ ದಿ ವರ್ಲ್ಡ್’ ಪಟ್ಟಿ ಸೇರಿದವು. ಸೆಪ್ಟೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಭವನದಲ್ಲಿ ಮೂರು ದಿನದ ಸಮ್ಮೇಳನ ನಡೆದು, ಹೊಸ ಪೋರ್ಟಲ್ ಕೂಡ ಶುರುವಾಯಿತು.

ಇಷ್ಟು ವರ್ಷ ಯಾರೂ ತಿರುಗಿ ನೋಡದಿದ್ದ ವಿಷಯಕ್ಕೆ ದುಡ್ಡು ಮತ್ತು ಗಮನ ಎರಡೂ ಒಟ್ಟಿಗೆ ಬಂದಿವೆ. ಸಂತೋಷದ ಮಾತು. ಆದರೆ ಈ ಉತ್ಸಾಹದಲ್ಲಿ ಒಂದು ಬಗೆಯ ಹಸ್ತಪ್ರತಿ ಮತ್ತೆ ಸಾಲಿನ ಕೊನೆಗೆ ಹೋಗುವ ಅಪಾಯ ಇದೆ. ರಾಮಾಯಣ, ಮಹಾಭಾರತಗಳ ಸಂಸ್ಕೃತ ಪ್ರತಿಗಳು. ಅಪರೂಪದವು ಎಂದಲ್ಲ, ಜಾಸ್ತಿ ಇವೆ ಅನ್ನೋ ಕಾರಣಕ್ಕೇ.

ಹಸ್ತಪ್ರತಿ ಸಿಕ್ಕಿದ ಕೂಡಲೇ ಕೇಳುವ ಮೊದಲ ಪ್ರಶ್ನೆ, ‘ಇದು ಅಚ್ಚಾಗಿದೆಯಾ?’ ಅಚ್ಚಾಗಿಲ್ಲ ಅಂದರೆ ಕಣ್ಣು ಅರಳುತ್ತದೆ. ಅಚ್ಚಾಗಿದೆ ಅಂದರೆ ಕಟ್ಟು ಬದಿಗೆ ಹೋಗುತ್ತದೆ. ಈ ಮನಸ್ಥಿತಿಗೆ ನಮ್ಮ ಮೈಸೂರಿನದೇ ಒಂದು ದೊಡ್ಡ ಕತೆ ಬೆನ್ನಿಗಿದೆ. 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಗೆ ಬಂದಿದ್ದ, ತಮಿಳು ನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಲಿಪಿಯ ಓಲೆಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಕಳೆದೇ ಹೋಯಿತು ಎಂದುಕೊಂಡಿದ್ದ ಪುಸ್ತಕ ಕೈಗೆ ಸಿಕ್ಕಿತ್ತು. ಅಂದಿನಿಂದ ಹಸ್ತಪ್ರತಿ ಹುಡುಕುವುದು ಅಂದರೆ ಇನ್ನೊಂದು ಅರ್ಥಶಾಸ್ತ್ರ ಹುಡುಕುವುದು ಎಂಬ ಭಾವನೆ ಬೆಳೆದಿದೆ. ಮಹಾಭಾರತ ಯಾವತ್ತೂ ಕಳೆದುಹೋಗಿರಲಿಲ್ಲ. ಹಾಗಾಗಿ ಅದನ್ನು ಯಾರೂ ‘ಕಂಡುಹಿಡಿಯುವ’ ಹಾಗಿಲ್ಲ. ಮನೆಯ ಅಟ್ಟದಲ್ಲಿ ಸಭಾಪರ್ವದ ಕಟ್ಟು ಸಿಕ್ಕಿದರೆ ಪತ್ರಿಕೆಯಲ್ಲಿ ಸುದ್ದಿಯೂ ಆಗುವುದಿಲ್ಲ.

ಆದರೆ ಇತಿಹಾಸ ಕಾವ್ಯಗಳ ವಿಷಯದಲ್ಲಿ ಈ ಲೆಕ್ಕ ತಲೆಕೆಳಗು. ಒಂದೇ ಪ್ರತಿ ಉಳಿದ ಗ್ರಂಥಕ್ಕೆ ಆ ಪ್ರತಿಯೇ ಎಲ್ಲವೂ, ನಿಜ. ನೂರಾರು ಪ್ರತಿ ಉಳಿದ ಗ್ರಂಥದಲ್ಲಿ ಪ್ರತಿಯೊಂದು ಪ್ರತಿಯೂ ಒಂದೊಂದು ಸಾಕ್ಷಿ. ಯಾಕೆಂದರೆ ಯಾವ ಎರಡು ಪ್ರತಿಯೂ ಒಂದೇ ಥರ ಇಲ್ಲ.

ಓಲೆಗೆ ಆಯುಷ್ಯ ಕಡಿಮೆ

ನಮ್ಮ ಸೆಕೆ, ತೇವ, ಹುಳುವಿನ ನಡುವೆ ಓಲೆಗರಿ ಮುನ್ನೂರು ನಾನೂರು ವರ್ಷ ಬಾಳಿದರೆ ಅದೇ ಹೆಚ್ಚು. ಅದಕ್ಕೇ ಹಳೆಯದು ಹಾಳಾಗುವ ಮೊದಲು ಹೊಸ ಪ್ರತಿ ಮಾಡಲೇಬೇಕಿತ್ತು. ಗರಿಯನ್ನು ಕುದಿಸಿ, ಒಣಗಿಸಿ, ಉಜ್ಜಿ ನಯಮಾಡಿ, ಒಂದೇ ಅಳತೆಗೆ ಕತ್ತರಿಸಬೇಕು. ಕಬ್ಬಿಣದ ಕಂಠದಿಂದ, ಅಂದರೆ ಮೊನಚು ಲೇಖನಿಯಿಂದ, ಅಕ್ಷರ ಕೊರೆಯಬೇಕು. ಆಮೇಲೆ ಎಣ್ಣೆಯಲ್ಲಿ ಕಲಸಿದ ಮಸಿ ಬಳಿದು ಒರೆಸಿದರೆ ಕೊರೆದ ಗೆರೆಯಲ್ಲಿ ಕಪ್ಪು ನಿಂತು ಅಕ್ಷರ ಕಾಣುತ್ತದೆ. ಗರಿಯ ಮೇಲೆ ಕಂಠ ಓಡುವ ಸದ್ದನ್ನು ಗದುಗಿನ ನಾರಣಪ್ಪ, ಅಂದರೆ ಕುಮಾರವ್ಯಾಸ, ತನ್ನ ಭಾರತದ ಪೀಠಿಕೆಯಲ್ಲೇ ತಂದಿದ್ದಾನೆ. ಒಮ್ಮೆ ಬರೆಯತೊಡಗಿದರೆ ಆ ಸದ್ದು ನಿಲ್ಲದು ಎಂಬುದು ಅವನ ಹೆಮ್ಮೆ.

ಇಂಥ ದುಡಿಮೆಯಲ್ಲಿ ತಪ್ಪು ಸಹಜ. ಕನ್ನಡ ಲಿಪಿಯನ್ನೇ ನೋಡಿ. ಪ ಮತ್ತು ವ, ದ ಮತ್ತು ಧ, ಬ ಮತ್ತು ಭ, ಇವುಗಳ ನಡುವೆ ಒಂದು ಗೀಟು ಅಥವಾ ಒಂದು ಬಾಗು ಮಾತ್ರ ವ್ಯತ್ಯಾಸ. ಹಳೆಯ ಪ್ರತಿಗಳಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಮೇಲಿನ ಸಾಲಿನಲ್ಲಿ ಬಂದ ಪದವೇ ಕೆಳಗಿನ ಸಾಲಿನಲ್ಲೂ ಬಂದರೆ ಕಣ್ಣು ಜಾರಿ, ನಡುವಿನ ಶ್ಲೋಕವೇ ಬಿಟ್ಟುಹೋಗುತ್ತದೆ. ಬರೆದವರಿಗೂ ಇದು ಗೊತ್ತಿತ್ತು. ‘ಕೈಯಿಂದಾದ ತಪ್ಪನ್ನು ಸಜ್ಜನರು ಕ್ಷಮಿಸಬೇಕು’ ಎಂಬ ಅರ್ಥದ ‘ಕರಕೃತಮಪರಾಧಂ ಕ್ಷಂತುಮರ್ಹಂತಿ ಸಂತಃ’ ಸಾಲನ್ನು ಕನ್ನಡ ನಾಡಿನ ಎಷ್ಟೋ ಪ್ರತಿಗಳ ಕೊನೆಯಲ್ಲಿ ನೋಡಬಹುದು. ‘ಬೆನ್ನು, ಸೊಂಟ, ಕುತ್ತಿಗೆ ಮುರಿದುಕೊಂಡು, ತಲೆ ಬಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡಿ’ ಎಂಬ ಶ್ಲೋಕವೂ ದೇಶದ ಎಲ್ಲ ಕಡೆ ಸಿಗುತ್ತದೆ.

ಇದು ಬರೀ ಕೈತಪ್ಪಿನ ಮಾತಲ್ಲ. ಮಹಾಭಾರತ ಹೇಳುತ್ತಾ, ಕೇಳುತ್ತಾ, ಪುರಾಣ ಪ್ರವಚನದಲ್ಲಿ ಬೆಳೆಯುತ್ತಾ ಬಂದ ಕಾವ್ಯ. ಊರಿನ ಭಕ್ತಿ, ಊರಿನ ಕತೆ, ವ್ಯಾಖ್ಯಾನದ ಸಾಲು ಎಲ್ಲ ಪಠ್ಯದೊಳಗೆ ಸೇರಿಕೊಂಡವು. ಇದನ್ನು ನಮ್ಮ ಕರಾವಳಿಯವರೇ ಬಹಳ ಹಿಂದೆ ಗುರುತಿಸಿದ್ದರು. 13ನೇ ಶತಮಾನದ ಮಧ್ವಾಚಾರ್ಯರು ತಮ್ಮ ಮಹಾಭಾರತ ತಾತ್ಪರ್ಯ ನಿರ್ಣಯದ ಎರಡನೇ ಅಧ್ಯಾಯದಲ್ಲಿ ಇದನ್ನು ನೇರವಾಗಿ ಹೇಳುತ್ತಾರೆ. ಕೆಲವು ಕಡೆ ಹೊಸದನ್ನು ಸೇರಿಸುತ್ತಾರೆ, ಕೆಲವು ಕಡೆ ಇದ್ದದ್ದನ್ನು ಬಿಡುತ್ತಾರೆ, ಕೆಲವು ಕಡೆ ಹಿಂದುಮುಂದು ಮಾಡುತ್ತಾರೆ, ಇನ್ನು ಕೆಲವು ಕಡೆ ಎಚ್ಚರ ತಪ್ಪಿ ಬೇರೆಯೇ ಆಗಿಬಿಡುತ್ತದೆ. ದೇಶ ದೇಶಗಳಲ್ಲಿ ಬೇರೆ ಬೇರೆ ಥರದ ಗ್ರಂಥಗಳನ್ನು ನೋಡಿಯೇ ತಾವು ಬರೆಯುತ್ತಿದ್ದೇವೆ ಅಂತಲೂ ಅಲ್ಲೇ ಹೇಳಿದ್ದಾರೆ. ಪ್ರತಿಗಳನ್ನು ಹೋಲಿಸಿ ನೋಡಬೇಕು ಎಂಬುದನ್ನು ಯುರೋಪಿನವರು ಬಂದು ನಮಗೆ ಕಲಿಸಿದರು ಅನ್ನುವವರು ಈ ಶ್ಲೋಕಗಳನ್ನು ಒಮ್ಮೆ ಓದಬೇಕು.

ಪುಣೆಯಲ್ಲಿ ನಡೆದದ್ದು

ಆ ಹೋಲಿಕೆಯ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ. 1919ರಲ್ಲಿ ಕೆಲಸ ಶುರುವಾಯಿತು. 1925ರಲ್ಲಿ ವಿ. ಎಸ್. ಸುಕ್ತಂಕರ್ ಹೊಣೆ ಹೊತ್ತರು. 1943ರಲ್ಲಿ ಅವರು ತೀರಿಕೊಂಡ ಮೇಲೆ ಎಸ್. ಕೆ. ಬೇಲ್ವಲ್ಕರ್, ನಂತರ ಪಿ. ಎಲ್. ವೈದ್ಯ ಮುಂದುವರಿಸಿದರು. ಹದಿನೆಂಟೂ ಪರ್ವ ಮುಗಿದದ್ದು 1966ರಲ್ಲಿ. ಒಟ್ಟು 1,259 ಹಸ್ತಪ್ರತಿಗಳನ್ನು ನೋಡಿದ್ದರು. ನಡುವೆ ಒಂದು ಮಹಾಯುದ್ಧ, ದೇಶದ ಸ್ವಾತಂತ್ರ್ಯ, ವಿಭಜನೆ ಎಲ್ಲ ಆಗಿಹೋದವು.

ಕೆಲಸ ಮಾಡುತ್ತಿದ್ದ ರೀತಿ ನೋಡಿದರೆ ತಾಳ್ಮೆ ಅಂದರೇನು ಅಂತ ಗೊತ್ತಾಗುತ್ತದೆ. ಒಂದು ಶ್ಲೋಕಕ್ಕೆ ಒಂದು ದೊಡ್ಡ ಹಾಳೆ. ಹಾಳೆಯ ತುಂಬ ಚೌಕ ಮನೆಗಳು. ಮೇಲಿನ ಸಾಲಿನಲ್ಲಿ ಶ್ಲೋಕವನ್ನು ಒಂದು ಮನೆಗೆ ಒಂದೇ ಅಕ್ಷರದಂತೆ ಬರೆಯುವುದು. ಕೆಳಗೆ ಒಂದೊಂದು ಹಸ್ತಪ್ರತಿಗೆ ಒಂದೊಂದು ಸಾಲು. ಒಂದು ಪ್ರತಿಯಲ್ಲಿ ಯಾವ ಅಕ್ಷರ ಬೇರೆ ಇದೆಯೋ ಆ ಮನೆಯಲ್ಲಿ ಅದನ್ನು ತುಂಬುವುದು. ಒಬ್ಬ ಓದಬೇಕು, ಇನ್ನೊಬ್ಬ ಬರೆಯಬೇಕು, ಮತ್ತೊಬ್ಬ ತಾಳೆ ನೋಡಬೇಕು. ಪುಣೆಯಲ್ಲಿ ಎಲ್ಲ ಲಿಪಿ ಓದುವವರು ಇರಲಿಲ್ಲ. ಹಾಗಾಗಿ ಬಂಗಾಳಿ ಪ್ರತಿಗಳಿಗೆ ಶಾಂತಿನಿಕೇತನದಲ್ಲಿ, ದಕ್ಷಿಣದ ಪ್ರತಿಗಳಿಗೆ ತಂಜಾವೂರಿನ ಸರಸ್ವತಿ ಮಹಲ್‌ನಲ್ಲಿ ವ್ಯವಸ್ಥೆ ಮಾಡಿದರು.

ಹೀಗೆ ತುಂಬಿದ ಹಾಳೆಗಳಿಂದ ಹೊರಟ ತರ್ಕ ಸರಳ. ಕಾಶ್ಮೀರದ ಶಾರದಾ ಲಿಪಿಯ ಪ್ರತಿಗೂ ಕೇರಳದ ಮಲಯಾಳಂ ಲಿಪಿಯ ಪ್ರತಿಗೂ ನಡುವೆ ಇಡೀ ದೇಶವೇ ಇದೆ. ಒಬ್ಬರು ಇನ್ನೊಬ್ಬರದನ್ನು ನೋಡಿ ಬರೆದಿರುವ ಸಾಧ್ಯತೆ ಕಡಿಮೆ. ಆದರೂ ಎರಡೂ ಒಂದೇ ಪಾಠ, ಅಂದರೆ ಶ್ಲೋಕದ ಒಂದೇ ಪದರೂಪ, ಕೊಟ್ಟರೆ ಆ ಪಾಠ ಹಳೆಯದು ಎಂದು ನಂಬಬಹುದು. ಎರಡರಲ್ಲೂ ಇಲ್ಲದ ಭಾಗ ಆಮೇಲೆ ಬಂದಿರಬಹುದು.

ಈ ತರ್ಕ ತಂದ ಫಲಿತಾಂಶಗಳು ಇವತ್ತಿಗೂ ಜನರನ್ನು ಕೆಣಕುತ್ತವೆ. ವ್ಯಾಸರು ಹೇಳಿ ಗಣಪತಿ ಬರೆದುಕೊಂಡ ಪ್ರಸಂಗ ಪುಣೆಯ ಮುಖ್ಯ ಪಠ್ಯದಲ್ಲಿ ಇಲ್ಲ. ಸಭಾಪರ್ವ ಸಂಪಾದಿಸಿದ ಫ್ರಾಂಕ್ಲಿನ್ ಎಡ್ಜರ್ಟನ್ ಅವರ ಪಠ್ಯದಲ್ಲಿ ದ್ರೌಪದಿ ಕೃಷ್ಣನನ್ನು ಕೂಗಿ ಕರೆಯುವ ಶ್ಲೋಕಗಳಿಲ್ಲ. ಸೀರೆ ಬೆಳೆಯುತ್ತಾ ಹೋಗುತ್ತದೆ, ಯಾರಿಂದ ಅಂತ ಹೇಳುವುದಿಲ್ಲ. ಯಕ್ಷಗಾನದಲ್ಲಿ, ಹರಿಕಥೆಯಲ್ಲಿ ಆ ಮೊರೆ ಕೇಳಿ ಬೆಳೆದ ನಮಗೆ ಇದು ಕಸಿವಿಸಿ ಆಗುವ ಸಂಗತಿಯೇ.

ಹಾಗಂತ ಆ ಶ್ಲೋಕಗಳನ್ನು ಯಾರೂ ಬಿಸಾಡಲಿಲ್ಲ. ಇಲ್ಲೇ ಜನರಿಗೆ ದೊಡ್ಡ ತಪ್ಪು ತಿಳಿವಳಿಕೆ ಇದೆ. ಬಿಟ್ಟ ಪ್ರತಿಯೊಂದು ಸಾಲೂ, ಯಾವ ಪ್ರತಿಯಲ್ಲಿದೆ ಎಂಬ ಗುರುತಿನ ಸಮೇತ, ಪುಟದ ಕೆಳಗೆ ಅಥವಾ ಅನುಬಂಧದಲ್ಲಿ ಅಚ್ಚಾಗಿದೆ. ಪುಣೆ ಆವೃತ್ತಿಯ ನಿಜವಾದ ಸಂಪತ್ತು ಇರುವುದು ಆ ಸಣ್ಣ ಅಕ್ಷರದ ಅಡಿಟಿಪ್ಪಣಿಗಳಲ್ಲಿ ಅಂತಲೇ ನನ್ನ ನಂಬಿಕೆ. ಬಂಗಾಳದವರು ಏನು ಸೇರಿಸಿಕೊಂಡರು, ತೆಲುಗು ನಾಡಿನವರು ಯಾವುದನ್ನು ಹಿಗ್ಗಿಸಿದರು, ಯಾವ ಕತೆ ಯಾರಿಗೆ ಬೇಕಾಗಿತ್ತು, ಎಲ್ಲ ಅಲ್ಲಿದೆ. ತಾವು ಕೊಟ್ಟದ್ದು ವ್ಯಾಸರ ಬಾಯಿಯಿಂದ ಬಂದ ಮೂಲ ಎಂದು ಸುಕ್ತಂಕರ್ ಎಲ್ಲೂ ಹೇಳಲಿಲ್ಲ. ಉಳಿದಿರುವ ಪ್ರತಿಗಳ ಸಹಾಯದಿಂದ ಎಷ್ಟು ಹಿಂದಕ್ಕೆ ಹೋಗಬಹುದೋ ಅಷ್ಟು ಹಿಂದಿನ ರೂಪ, ಅಷ್ಟೇ.

ಅಂದರೆ ಆ ಆವೃತ್ತಿಯ ಬಲ ನಿಂತಿರುವುದು ಯಾವ ಯಾವ ಪ್ರತಿ ಅವರ ಕೈಗೆ ಸಿಕ್ಕಿತ್ತು ಎಂಬುದರ ಮೇಲೆ. ಕನ್ನಡಿಗರು ಗಮನಿಸಬೇಕಾದ ವಿಷಯ ಇಲ್ಲಿದೆ. ಆದಿಪರ್ವದ ಪೀಠಿಕೆಯಲ್ಲಿ ಸುಕ್ತಂಕರ್ ತಮಗೆ ಗೊತ್ತಿದ್ದ 235 ಹಸ್ತಪ್ರತಿಗಳ ಲಿಪಿವಾರು ಲೆಕ್ಕ ಕೊಟ್ಟಿದ್ದಾರೆ. ದೇವನಾಗರಿ 107, ಬಂಗಾಳಿ 32, ಗ್ರಂಥ 31, ತೆಲುಗು 28, ಮಲಯಾಳಂ 26, ನೇಪಾಳಿ 5, ಶಾರದಾ 3. ಮೈಥಿಲಿ 1. ದೇವನಾಗರಿಯನ್ನು ಹೋಲುವ ನಂದಿನಾಗರಿ 1. ಕನ್ನಡ 1.

ಒಂದೇ ಒಂದು!

ಕನ್ನಡ ನಾಡಿನಲ್ಲಿ ಮಹಾಭಾರತ ಬರೆದುಕೊಂಡವರು ಇರಲಿಲ್ಲವೇ? ಪಂಪನಿಂದ ಕುಮಾರವ್ಯಾಸನವರೆಗೆ ಮಹಾಭಾರತವನ್ನೇ ಉಸಿರಾಡಿದ ನಾಡು ಇದು. ಇಲ್ಲಿ ಸಂಸ್ಕೃತ ಬರೆಯಲು ಕನ್ನಡ ಲಿಪಿ ಒಂದೇ ಇರಲಿಲ್ಲ, ನಂದಿನಾಗರಿ, ಗ್ರಂಥ, ತೆಲುಗು, ಕರಾವಳಿ ಮಲೆನಾಡಿನಲ್ಲಿ ತಿಗಳಾರಿ, ಅಂದರೆ ತುಳು ಲಿಪಿ, ಎಲ್ಲವನ್ನೂ ಬಳಸುತ್ತಿದ್ದರು. ಆ ಓಲೆಗಳು ಮಠಗಳಲ್ಲಿ, ಅಗ್ರಹಾರದ ಮನೆಗಳಲ್ಲಿ, ಪುರೋಹಿತರ ಪೆಟ್ಟಿಗೆಗಳಲ್ಲಿ ಉಳಿದವು. ಸುಕ್ತಂಕರ್ ಅವರ ಆ 1933ರ ಪಟ್ಟಿಯಲ್ಲಿ ಅವಕ್ಕೆ ಜಾಗ ಸಿಗಲಿಲ್ಲ. ಉತ್ತರದ ಪಾಠವೂ ದಕ್ಷಿಣದ ಪಾಠವೂ ಬೆರೆಯುವ ಗಡಿ ನಾಡಿನ ಸಾಕ್ಷಿಯೇ ಹೀಗೆ ತೆಳ್ಳಗಾಯಿತು.

ಬರೋಡಾದ ಓರಿಯಂಟಲ್ ಇನ್‌ಸ್ಟಿಟ್ಯೂಟ್ ವಾಲ್ಮೀಕಿ ರಾಮಾಯಣಕ್ಕೂ ಇಂಥದ್ದೇ ಆವೃತ್ತಿ ಮಾಡಿತು. 1951ರಲ್ಲಿ ಶುರುವಾದ ಕೆಲಸ 1975ರಲ್ಲಿ ಏಳೂ ಕಾಂಡದೊಂದಿಗೆ ಮುಗಿಯಿತು. ಅದರಲ್ಲಿ ಬಳಸಿದ ಅತ್ಯಂತ ಹಳೆಯ ಪ್ರತಿ ನೇಪಾಳದ್ದು, 1020ನೇ ಇಸವಿಯದು. ತಂಪು ಹವೆಯಲ್ಲಿ ಓಲೆ ಹೆಚ್ಚು ಕಾಲ ಉಳಿಯುತ್ತದೆ. ಮಹಾಭಾರತದ ಪರ್ವಗಳ ಒಂದು ಹಳೆಯ ಪಟ್ಟಿಯಂತೂ ಸಿಕ್ಕಿದ್ದು ಚೀನಾದ ಷಿನ್‌ಜಿಯಾಂಗ್ ಮರುಭೂಮಿಯ ಕಿಜಿಲ್ ಗುಹೆಗಳಲ್ಲಿ, ಚೂರುಚೂರಾದ ಒಂದು ಓಲೆ ಗ್ರಂಥದೊಳಗೆ. ಕುಶಾನರ ಕಾಲದ ಬರಹ ಅದು. ಅದರಲ್ಲಿ ವಿರಾಟಪರ್ವ, ಅನುಶಾಸನಪರ್ವಗಳ ಹೆಸರಿಲ್ಲ. ಮಳೆಗೆ ವಿರಾಟಪರ್ವ ಓದಿಸುವ ನಮ್ಮ ಊರುಗಳಿಗೆ ಇದು ಎಂಥ ಕುತೂಹಲದ ಸಂಗತಿ, ಅಲ್ವಾ?

ಫೋಟೊ ತೆಗೆದರೆ ಮುಗಿಯಿತೇ?

ಮುಗಿಯುವುದಿಲ್ಲ. ಹಳೆಯ ಹಸ್ತಪ್ರತಿ ಮಿಷನ್ ಸುಮಾರು 52 ಲಕ್ಷ ಹಸ್ತಪ್ರತಿಗಳ ಮಾಹಿತಿ ಪಟ್ಟಿ ಮಾಡಿತ್ತು. ಡಿಜಿಟಲ್ ರೂಪಕ್ಕೆ ಬಂದದ್ದು ಸುಮಾರು 3.5 ಲಕ್ಷ. ಈ ಅಂತರ ತುಂಬುವುದಕ್ಕೆ ಹೊಸ ದುಡ್ಡು ಬೇಕೇ ಬೇಕು. ಆದರೆ ಫೋಟೊ ಅನ್ನುವುದು ಓಲೆಯ ಇನ್ನೊಂದು ಕಟ್ಟು ಮಾತ್ರ. ಓದುವವರಿಲ್ಲದಿದ್ದರೆ ಕಪಾಟಿನಲ್ಲಿ ಮುಚ್ಚಿಟ್ಟದ್ದು ಸರ್ವರ್‌ನಲ್ಲಿ ಮುಚ್ಚಿಟ್ಟಂತಾಗುತ್ತದೆ.

ಫೋಟೊ ತೆಗೆಯುವುದರಲ್ಲೂ ಕುಶಲತೆ ಬೇಕು. ಎಷ್ಟೋ ಓಲೆಗಳಲ್ಲಿ ಅಕ್ಷರ ಕೊರೆದಿದ್ದಾರೆ, ಮಸಿ ಬಳಿದಿಲ್ಲ, ಅಥವಾ ಬಳಿದ ಮಸಿ ಹೋಗಿದೆ. ಮೇಲಿನಿಂದ ನೇರ ಬೆಳಕು ಬಿಟ್ಟು ಫೋಟೊ ತೆಗೆದರೆ ಗರಿ ಖಾಲಿ ಕಾಣುತ್ತದೆ. ಬೆಳಕು ಓರೆಯಾಗಿ, ಪಕ್ಕದಿಂದ ಬೀಳಬೇಕು. ಆಗ ಕೊರೆದ ಗೆರೆಯ ನೆರಳು ಎದ್ದು ಅಕ್ಷರ ಮೂಡುತ್ತದೆ. ದಿನಕ್ಕೆ ಇಷ್ಟು ಸಾವಿರ ಪುಟ ಅಂತ ಗುರಿ ಕೊಟ್ಟು ಗುತ್ತಿಗೆ ಕೆಲಸ ಮಾಡಿಸಿದರೆ ಇಂಥ ಗರಿಗಳಿಗೆ ಯಾರು ನಿಂತು ಬೆಳಕು ಹಿಡಿಯುತ್ತಾರೆ?

ಒಳ್ಳೆಯ ಮಾದರಿಗಳೂ ಇವೆ. ಮಧ್ವರ ನೇರ ಶಿಷ್ಯರಾದ ಹೃಷೀಕೇಶ ತೀರ್ಥರು ತುಳು ಲಿಪಿಯಲ್ಲಿ ಬರೆದದ್ದು ಎನ್ನುವ ಸರ್ವಮೂಲ, ಅಂದರೆ ಮಧ್ವರ ಸಮಗ್ರ ಗ್ರಂಥಗಳ, ಓಲೆ ಪಲಿಮಾರು ಮಠದಲ್ಲಿದೆ. ಬನ್ನಂಜೆ ಗೋವಿಂದಾಚಾರ್ಯರು ಅದನ್ನೇ ಆಧಾರ ಮಾಡಿಕೊಂಡು ಸರ್ವಮೂಲವನ್ನು ಸಂಪಾದಿಸಿದರು. ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ತಂಡ ಆ ಹಳೆಯ ಗರಿಗಳ ಚಿತ್ರ ತೆಗೆದು, ಮಾಸಿದ ಅಕ್ಷರ ಕಾಣುವಂತೆ ಮಾಡಿತು. ಇಲ್ಲಿ ಓದುವ ಪಂಡಿತರೂ ಇದ್ದರು, ಚಿತ್ರ ತೆಗೆಯುವ ತಜ್ಞರೂ ಸಿಕ್ಕರು. 17ನೇ ಶತಮಾನದಲ್ಲಿ ಮೇವಾಡದ ರಾಣಾ ಜಗತ್ ಸಿಂಗ್ ಬರೆಸಿದ ಸಚಿತ್ರ ರಾಮಾಯಣದ ಕತೆ ಇನ್ನೊಂದು ಥರ. ಅದರ ಹಾಳೆಗಳು ಲಂಡನ್‌ಗೂ ಮುಂಬೈಗೂ ಹಂಚಿಹೋಗಿದ್ದವು. 2014ರಲ್ಲಿ ಬ್ರಿಟಿಷ್ ಲೈಬ್ರರಿ ಮತ್ತು ಮುಂಬೈನ ಛತ್ರಪತಿ ಶಿವಾಜಿ ವಸ್ತು ಸಂಗ್ರಹಾಲಯ ಸೇರಿ ಅದನ್ನು ಅಂತರ್ಜಾಲದಲ್ಲಿ ಒಂದು ಮಾಡಿದವು. ಸಾಹಿಬ್‌ದೀನ್‌ನಂಥ ಕಲಾವಿದರ ಚಿತ್ರ ಇರುವುದರಿಂದ ಅದಕ್ಕೆ ಅಷ್ಟು ಗಮನ ಸಿಕ್ಕಿತು. ಚಿತ್ರವಿಲ್ಲದ, ಹುಳು ಹಿಡಿದ ಉದ್ಯೋಗಪರ್ವಕ್ಕೆ ಅಂಥ ಅದೃಷ್ಟ ಇಲ್ಲ.

ನಿಜವಾದ ಕೊರತೆ ಓದುವವರದ್ದು. ತಿಗಳಾರಿ, ನಂದಿನಾಗರಿ, ಗ್ರಂಥ ಲಿಪಿಗಳನ್ನು ಸರಾಗವಾಗಿ ಓದುವವರು ಕಡಿಮೆ, ಅವರಲ್ಲೂ ವಯಸ್ಸಾದವರೇ ಜಾಸ್ತಿ. ಈ ಲಿಪಿಗಳಿಗೆ ಕಂಪ್ಯೂಟರ್‌ನಲ್ಲಿ ಜಾಗ ಸಿಕ್ಕಿದ್ದೇ ಈಚೆಗೆ. ಕಂಪ್ಯೂಟರ್ ಅಕ್ಷರಗಳ ಜಾಗತಿಕ ಪಟ್ಟಿಯಾದ ಯೂನಿಕೋಡ್‌ನಲ್ಲಿ ನಂದಿನಾಗರಿ ಸೇರಿದ್ದು 2019ರಲ್ಲಿ, ತುಳು ತಿಗಳಾರಿ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಎಐ ಓದಿಬಿಡುತ್ತದೆ ಎಂಬ ಮಾತು ಈಗ ಜೋರಾಗಿದೆ. ಓದಬಹುದು. ಆದರೆ ಅದಕ್ಕೆ ಮೊದಲು ಮನುಷ್ಯರು ಓದಿ ಬರೆದುಕೊಟ್ಟ ಸಾವಿರಾರು ಸಾಲು ಬೇಕು. ಚಿತ್ರದಲ್ಲಿ ಈ ಸಾಲು, ಅಕ್ಷರದಲ್ಲಿ ಇದು ಅಂತ ಜೋಡಿಸಿ ತೋರಿಸಬೇಕು.

ಇಲ್ಲೇ ‘ಅಚ್ಚಾಗಿದೆ’ ಅಂತ ಬದಿಗಿಟ್ಟ ಪ್ರತಿಗಳು ಕೈಹಿಡಿಯುತ್ತವೆ. ಗೊತ್ತಿಲ್ಲದ ಶಾಸ್ತ್ರಗ್ರಂಥವನ್ನು ಗೊತ್ತಿಲ್ಲದ ಲಿಪಿಯಲ್ಲಿ ಕಲಿಯುವುದು ಕಷ್ಟ. ಆದರೆ ಓಲೆಯಲ್ಲಿ ಇರುವುದು ಭಗವದ್ಗೀತೆಯ ಎರಡನೇ ಅಧ್ಯಾಯ ಅಂತ ಗೊತ್ತಿದ್ದರೆ, ಕಾಲೇಜು ಹುಡುಗಿಯೊಬ್ಬಳು ಅಚ್ಚಿನ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಅಕ್ಷರ ಅಕ್ಷರ ಹೊಂದಿಸಿ ಕಲಿಯಬಹುದು. ಕಂಪ್ಯೂಟರ್‌ಗೂ ಹಾಗೇ ಕಲಿಸಬಹುದು. ಮಹಾಭಾರತದ ಪುಣೆ ಪಠ್ಯ ಜಪಾನಿನ ಮುನೆಯೊ ತೊಕುನಾಗ ಮತ್ತು ಇಂಗ್ಲೆಂಡಿನ ಜಾನ್ ಸ್ಮಿತ್ ಅವರ ಶ್ರಮದಿಂದ ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ಸಿಗುತ್ತಿದೆ. ರಾಮಾಯಣ, ಮಹಾಭಾರತದ ಪ್ರತಿಗಳೇ ಲಿಪಿ ಕಲಿಯಲು ಅತ್ಯಂತ ಒಳ್ಳೆಯ ಪಾಠಪುಸ್ತಕ. ಇವನ್ನು ಸಾಲಿನ ಕೊನೆಗೆ ತಳ್ಳುವ ಬದಲು ಮೊದಲು ತೆಗೆದುಕೊಂಡರೆ, ಮುಂದೆ ಅಚ್ಚಾಗದ ಗ್ರಂಥಗಳನ್ನು ಓದುವ ಜನರೂ ತಯಾರಾಗುತ್ತಾರೆ.

ಮನೆಯಲ್ಲಿ ಓಲೆ ಇಟ್ಟುಕೊಂಡವರ ಭಯದ ಬಗ್ಗೆಯೂ ಮಾತಾಡಬೇಕು. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಕಟ್ಟು ಇಳಿಸಿ, ಅರಿಸಿನ ಕುಂಕುಮ ಹಚ್ಚಿ, ಬಿಚ್ಚದೆ ಮತ್ತೆ ಅಟ್ಟಕ್ಕೇರಿಸುವ ಮನೆಗಳು ಇನ್ನೂ ಇವೆ. ಸರ್ಕಾರಕ್ಕೆ ಹೇಳಿದರೆ ಕಿತ್ತುಕೊಂಡು ಹೋಗುತ್ತಾರೆ ಎಂದು ಅವರು ಹೆದರುತ್ತಾರೆ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ 75 ವರ್ಷ ದಾಟಿದ, ಸಾಹಿತ್ಯಕ ಅಥವಾ ಐತಿಹಾಸಿಕ ಬೆಲೆಯ ಹಸ್ತಪ್ರತಿ ಪ್ರಾಚ್ಯವಸ್ತು ಅನಿಸಿಕೊಳ್ಳುತ್ತದೆ. ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಲ್ಲ. ಈ ಮಾತನ್ನು ಸಮೀಕ್ಷೆಗೆ ಹೋದವರು ಮೊದಲು, ಬಾಗಿಲಲ್ಲೇ ಹೇಳಬೇಕು. ಮೂಲ ನಿಮ್ಮಲ್ಲೇ ಇರಲಿ, ಚಿತ್ರ ಮಾತ್ರ ಕೊಡಿ ಅನ್ನಬೇಕು. ತೆಗೆದ ಚಿತ್ರದ ಒಂದು ಪ್ರತಿ ಆ ಮನೆಯವರಿಗೂ ಸಿಗಬೇಕು. ಪೋರ್ಟಲ್‌ಗೆ ಹಾಕಿದ ಮೇಲೆ ಓದುಗರು ಅದನ್ನು ಇಳಿಸಿಕೊಳ್ಳುವಂತೆಯೂ ಇರಬೇಕು. ಸುಮ್ನೆ ಹೆಸರಿನ ಪಟ್ಟಿ ತೋರಿಸಿದರೆ ಪಾಠ ಹೋಲಿಸುವುದು ಹೇಗೆ?

ನಿಮ್ಮ ಮನೆಯಲ್ಲೇ ಇದ್ದರೆ, ಹರಿದ ಗರಿಗೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬೇಡಿ. ಅರಿಸಿನ ಕುಂಕುಮ ಬಟ್ಟೆಗೆ ಸಾಕು, ಗರಿಗೆ ಬೇಡ. ಪ್ಲಾಸ್ಟಿಕ್ ಚೀಲದ ಬದಲು ಹತ್ತಿ ಬಟ್ಟೆಯಲ್ಲಿ ಸುತ್ತಿ, ಹಿಂದಿನವರ ಹಾಗೆ ಬಜೆಯ ತುಂಡು ಜೊತೆಗಿಟ್ಟು, ಗಾಳಿಯಾಡುವ ಕಡೆ ಇಡಿ. ಹಾಳಾದ ಓಲೆಯನ್ನು ಹೊಳೆಗೆ ಬಿಡುವ ಪದ್ಧತಿ ಇದೆ. ದಯವಿಟ್ಟು ಬಿಡಬೇಡಿ, ಅರ್ಧ ಗರಿಯಲ್ಲೂ ಒಂದು ಪಾಠ ಇರುತ್ತದೆ.

ಕರ್ನಾಟಕದಲ್ಲಿ ಸಮೀಕ್ಷೆ ಮಾಡುವವರ ನಮೂನೆಯಲ್ಲಿ ‘ಮಹಾಭಾರತ, ಅಪೂರ್ಣ’ ಎಂಬ ಎರಡು ಪದಕ್ಕೆ ನಿಲ್ಲಿಸಬಾರದು. ಯಾವ ಲಿಪಿ, ಯಾವ ಪರ್ವ, ಎಷ್ಟು ಗರಿ, ಮೊದಲ ಶ್ಲೋಕ, ಕೊನೆಯ ಶ್ಲೋಕ, ಬರೆದವರ ಹೆಸರು, ಊರು, ಸಂವತ್ಸರ, ಇಷ್ಟಾದರೂ ಬೇಕು. ದಕ್ಷಿಣದ ಪಾಠದಲ್ಲಿ ಪರ್ವಗಳನ್ನು ಇಪ್ಪತ್ನಾಲ್ಕಾಗಿ ಒಡೆಯುವ ರೂಢಿ ಇದೆ, ಹಾಗಾಗಿ ಪರ್ವದ ಹೆಸರನ್ನು ಪ್ರತಿಯಲ್ಲಿ ಇದ್ದಂತೆಯೇ ಬರೆದುಕೊಳ್ಳಬೇಕು. ಆದಿಪರ್ವ ಸಿಕ್ಕಿದರೆ ಶಕುಂತಲೆಯ ಕತೆ ಮೊದಲು ಬರುತ್ತದೋ ಯಯಾತಿಯದೋ ನೋಡಬೇಕು. ಉತ್ತರದಲ್ಲಿ ಶಕುಂತಲೆ ಮೊದಲು, ದಕ್ಷಿಣದಲ್ಲಿ ಯಯಾತಿ ಮೊದಲು. ಸಭಾಪರ್ವವಾದರೆ ದ್ರೌಪದಿಯ ಮೊರೆ ಇದೆಯೋ ಇಲ್ಲವೋ, ಇದ್ದರೆ ಎಷ್ಟು ಶ್ಲೋಕ ಅಂತ ಬರೆದುಕೊಳ್ಳಬೇಕು. ಲಿಪಿ ಬಲ್ಲವರೊಬ್ಬರು ಜೊತೆಗಿದ್ದರೆ ಸ್ಥಳದಲ್ಲೇ ಆಗುವ ಕೆಲಸ ಇದು. ಜ್ಞಾನ ಭಾರತಂನ ದುಡ್ಡಿನಲ್ಲಿ ಮೊದಲ ಪಾಲು ಆ ಲಿಪಿ ಬಲ್ಲವರಿಗೆ ಸಂಬಳ ಕೊಡಲು, ಅವರ ಕೈಕೆಳಗೆ ಹೊಸಬರನ್ನು ಕೂರಿಸಲು ಹೋಗಬೇಕು. ಕ್ಯಾಮೆರಾ ಮತ್ತು ಸರ್ವರ್ ಅದರ ನಂತರ.